ನಾಯಿ ಕಚ್ಚಿದರೆ ಏನು ಮಾಡಬೇಕು: ಅಂಗಳದ ನಲ್ಲಿಯಿಂದ ಕೊನೆಯ ಲಸಿಕೆಯವರೆಗೆ

ಮಂಗಳೂರಿನ ಧಕ್ಕೆಯಲ್ಲಿ, ಮಲ್ಪೆಯ ಬಂದರಿನಲ್ಲಿ, ಬಸ್ ನಿಲ್ದಾಣಗಳ ಹಿಂಬದಿಯಲ್ಲಿ, ಸಂತೆ ಮುಗಿದ ಮೈದಾನಗಳಲ್ಲಿ ನಾಯಿಗಳ ಹಿಂಡು ಇರುವುದು ಕರಾವಳಿಯವರಿಗೆ ಹೊಸತಲ್ಲ. ಬೆಳಗಿನ ಜಾವ ಯಕ್ಷಗಾನದ ಆಟ ನೋಡಿ ಸ್ಕೂಟರಿನಲ್ಲಿ ಮನೆಗೆ ಮರಳುವವರು, ಪತ್ರಿಕೆ ಹಂಚುವ ಹುಡುಗರು, ಕಟ್ಟಿದ ಬೀಡಿ ಹಿಡಿದು ಬ್ರಾಂಚಿಗೆ ನಡೆದುಹೋಗುವ ಹೆಂಗಸರು, ಅಂಗನವಾಡಿಗೆ ಹೋಗುವ ಮಕ್ಕಳು ಇವುಗಳ ಬಾಯಿಗೆ ಸಿಗುವುದುಂಟು. ಮನೆಯಲ್ಲೇ ಸಾಕಿದ ನಾಯಿ ಕಚ್ಚುವುದೂ ಅಪರೂಪವೇನಲ್ಲ. ಕಚ್ಚಿದ ಮೇಲೆ ಆಸ್ಪತ್ರೆಗೆ ಹೋಗುವವರ ಸಂಖ್ಯೆ ಹಿಂದಿಗಿಂತ ಹೆಚ್ಚಿದೆ ಎನ್ನುವುದು ಸಮಾಧಾನದ ವಿಷಯ. ಆದರೆ ಬಹಳಷ್ಟು ಮಂದಿ ‘ಒಂದು ಇಂಜೆಕ್ಷನ್ ತೆಗೆದುಕೊಂಡೆವು’ ಎಂದು ಅಲ್ಲಿಗೇ ನಿಶ್ಚಿಂತರಾಗಿಬಿಡುತ್ತಾರೆ. ಈ ನಿಶ್ಚಿಂತೆ ಅಪಾಯಕಾರಿ.

ನಾಯಿ ಕಡಿತದ ಚಿಕಿತ್ಸೆಯಲ್ಲಿ ಮೂರು ಕೆಲಸಗಳಿವೆ: ಗಾಯವನ್ನು ತೊಳೆಯುವುದು, ಚರ್ಮ ತೂರಿ ರಕ್ತ ಬಂದಿದ್ದರೆ ಗಾಯದೊಳಕ್ಕೇ ಇಮ್ಯುನೊಗ್ಲಾಬ್ಯುಲಿನ್ ಎಂಬ ಸೀರಂ ಹಾಕಿಸುವುದು, ಲಸಿಕೆಯ ಎಲ್ಲ ಡೋಸುಗಳನ್ನು ಹೇಳಿದ ದಿನಗಳಲ್ಲೇ ಮುಗಿಸುವುದು. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ಹೀಗೇಕೆ ಎಂದು ತಿಳಿಯಲು ರೇಬೀಸ್, ಅಂದರೆ ಹುಚ್ಚುನಾಯಿ ರೋಗ, ಹರಡುವ ದಾರಿಯನ್ನು ಸ್ವಲ್ಪ ಅರಿತಿರಬೇಕು.

ರೇಬೀಸ್ ವೈರಸ್ ಇರುವುದು ರೋಗ ತಗುಲಿದ ಪ್ರಾಣಿಯ ಜೊಲ್ಲಿನಲ್ಲಿ. ಹಲ್ಲು ಊರಿದಾಗ ಅದು ಚರ್ಮದ ಕೆಳಗಿನ ಮಾಂಸಖಂಡವನ್ನು ಸೇರುತ್ತದೆ, ಅಲ್ಲಿಂದ ನರದ ತುದಿಯನ್ನು ಹಿಡಿದು ಬೆನ್ನುಹುರಿಯ ಮೂಲಕ ನಿಧಾನವಾಗಿ ಮಿದುಳಿನತ್ತ ಸಾಗುತ್ತದೆ. ಈ ಪ್ರಯಾಣಕ್ಕೆ ಸಾಮಾನ್ಯವಾಗಿ 2ರಿಂದ 3 ತಿಂಗಳು ಹಿಡಿಯುತ್ತದೆ. ಕೆಲವರಲ್ಲಿ ಒಂದೇ ವಾರದಲ್ಲಿ, ಕೆಲವರಲ್ಲಿ ವರ್ಷದ ಬಳಿಕ ಲಕ್ಷಣಗಳು ಕಾಣಿಸಿಕೊಳ್ಳುವುದೂ ಇದೆ. ನರದೊಳಗೆ ಹೊಕ್ಕ ವೈರಸ್ಸನ್ನು ಲಸಿಕೆಯಾಗಲಿ ಸೀರಂ ಆಗಲಿ ಹಿಡಿಯಲಾರದು, ಮತ್ತು ನೀರು ಕಂಡರೆ ಗಂಟಲು ಬಿಗಿಯುವ, ಗಾಳಿ ತಾಗಿದರೆ ಮೈ ಸೆಟೆಯುವ ಲಕ್ಷಣಗಳು ಶುರುವಾದ ಮೇಲೆ ಬದುಕುಳಿಯುವ ಆಸೆ ಹೆಚ್ಚುಕಡಿಮೆ ಇಲ್ಲವೆಂದೇ ಹೇಳಬೇಕು. ಆದ್ದರಿಂದ ನಾವು ಮಾಡುವುದೆಲ್ಲವೂ ವೈರಸ್ ನರವನ್ನು ಸೇರುವ ಮೊದಲೇ ಆಗಬೇಕು.

ಮೊದಲ ಹದಿನೈದು ನಿಮಿಷ

ನಾಯಿಯಿಂದ ದೂರ ಸರಿದ ಕೂಡಲೇ ಹತ್ತಿರದ ನಲ್ಲಿಯ ಬಳಿಗೆ ಹೋಗಿ. ಅಂಗಳದ ನಲ್ಲಿಯಾದರೂ ಸರಿ, ಬಾವಿಯಿಂದ ಸೇದಿ ಚೊಂಬಿನಲ್ಲಿ ಹೊಯ್ಯುವ ನೀರಾದರೂ ಸರಿ, ಹೋಟೆಲಿನ ಕೈತೊಳೆಯುವ ಬೇಸಿನ್ ಆದರೂ ಸರಿ. ಸೋಪು ಯಾವುದಾದರೂ ಆದೀತು. ಸ್ನಾನದ ಸೋಪು, ಬಟ್ಟೆ ಸೋಪು, ಡಿಟರ್ಜೆಂಟ್ ಪುಡಿ ಎಲ್ಲವೂ ಒಂದೇ ಕೆಲಸ ಮಾಡುತ್ತವೆ, ಏಕೆಂದರೆ ರೇಬೀಸ್ ವೈರಸ್ಸಿನ ಹೊರಕವಚ ಕೊಬ್ಬಿನಿಂದಾದದ್ದು ಮತ್ತು ಸೋಪಿನ ನೊರೆ ಆ ಕೊಬ್ಬನ್ನು ಕರಗಿಸಿ ವೈರಸ್ಸನ್ನು ನಿಷ್ಕ್ರಿಯಗೊಳಿಸುತ್ತದೆ.

ಪ್ಯಾಂಟು, ಕಾಲುಚೀಲ ಇದ್ದರೆ ತೆಗೆಯಿರಿ, ಜೊಲ್ಲು ತಾಗಿದ ಬಟ್ಟೆಯನ್ನು ಬದಿಗಿಡಿ. ಗಾಯದ ಮೇಲೆ ನೀರು ಧಾರೆಯಾಗಿ ಬೀಳುತ್ತಿರಲಿ. ಹಲ್ಲಿನ ಪ್ರತಿಯೊಂದು ಗುರುತಿನೊಳಗೂ ನೊರೆ ಇಳಿಯುವಂತೆ ಬೆರಳಿನಿಂದ ಮೆಲ್ಲನೆ ಉಜ್ಜಿ, ತೊಳೆದು, ಮತ್ತೆ ಸೋಪು ಹಚ್ಚಿ, ಮತ್ತೆ ತೊಳೆಯಿರಿ. ಗಡಿಯಾರ ನೋಡಿ 15 ನಿಮಿಷ ಹೀಗೆ ಮಾಡಿ. ನೋವಿನಲ್ಲಿರುವವರಿಗೆ ಎರಡು ನಿಮಿಷವೇ ಬಹಳ ಹೊತ್ತೆನಿಸುವುದರಿಂದ ಅಂದಾಜಿಗೆ ಬಿಡದೆ ಮೊಬೈಲಿನಲ್ಲಿ ಸಮಯ ಇಟ್ಟುಕೊಳ್ಳುವುದು ಲೇಸು. ಬ್ರಷ್ ಹಾಕಿ ಕೆರೆಯಬಾರದು, ಗಾಯವನ್ನು ಹಿಂಡಬಾರದು. ಕಣ್ಣಿಗೆ ಅಥವಾ ಬಾಯಿಗೆ ಜೊಲ್ಲು ಸಿಡಿದಿದ್ದರೆ ಸೋಪು ಬೇಡ, ಬರೀ ನೀರಿನಿಂದ ಬಹಳ ಹೊತ್ತು ತೊಳೆಯಿರಿ. ರಕ್ತ ಚಿಮ್ಮುತ್ತಿದ್ದರೆ ಮಾತ್ರ ಈ ಕ್ರಮ ಬದಲಾಗುತ್ತದೆ: ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿದು 108ಕ್ಕೆ ಕರೆ ಮಾಡಿ, ತೊಳೆಯುವುದನ್ನು ಆಸ್ಪತ್ರೆಯವರಿಗೆ ಬಿಡಿ.

ತೊಳೆದ ಮೇಲೆ ಮನೆಯಲ್ಲಿದ್ದರೆ ಪೊವಿಡೋನ್ ಅಯೋಡಿನ್ ಹಚ್ಚಿ, ಇಲ್ಲದಿದ್ದರೆ ಏನನ್ನೂ ಹಚ್ಚಬೇಡಿ. ನಮ್ಮಲ್ಲಿ ಸುಣ್ಣ, ಅರಿಶಿನ, ಕಾಫಿ ಪುಡಿ, ಮೆಣಸಿನ ಪುಡಿ, ತೆಂಗಿನೆಣ್ಣೆ, ಸೀಮೆಎಣ್ಣೆ, ಎಕ್ಕದ ಹಾಲು ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಹಚ್ಚುವ ರೂಢಿ ಇನ್ನೂ ಹೋಗಿಲ್ಲ. ಹಚ್ಚುವವರದು ಕಾಳಜಿಯೇ ಇರಬಹುದು. ಆದರೆ ಉರಿ ಹುಟ್ಟಿಸುವ ಪುಡಿಗಳು ಗಾಯದ ಅಂಗಾಂಶವನ್ನು ಸುಟ್ಟು ವೈರಸ್ಸಿಗೆ ನರದ ತುದಿಯನ್ನು ಇನ್ನಷ್ಟು ಸುಲಭವಾಗಿ ಒದಗಿಸುತ್ತವೆ, ಮೇಲಾಗಿ ಆಸ್ಪತ್ರೆಯಲ್ಲಿ ಮೊದಲು ಅದನ್ನೆಲ್ಲ ತೆಗೆಯುವುದೇ ಒಂದು ಹಿಂಸೆಯಾಗುತ್ತದೆ. ಗಾಯದ ಮೇಲ್ಭಾಗದಲ್ಲಿ ಹಗ್ಗ ಬಿಗಿಯುವುದರಿಂದಲೂ ಪ್ರಯೋಜನವಿಲ್ಲ. ನಾಟಿ ಮದ್ದಿನ ಮನೆಗೆ ಮೊದಲು ಹೋಗಿ ಆಮೇಲೆ ಆಸ್ಪತ್ರೆ ನೋಡೋಣ ಎನ್ನುವವರಿಗೆ ಹೇಳುವುದು ಇಷ್ಟೆ: ರೇಬೀಸಿಗೆ ನಾಟಿ ಮದ್ದು ಇಲ್ಲ, ಮತ್ತು ಅಲ್ಲಿ ಕಳೆದ ಹೊತ್ತು ಮರಳಿ ಬರುವುದಿಲ್ಲ.

ಗಾಯ ಎಂಥದ್ದೆಂದು ನೋಡಿಕೊಳ್ಳುವುದು

ವೈದ್ಯರು ಗಾಯವನ್ನು ಮೂರು ವರ್ಗಗಳಲ್ಲಿ ನೋಡುತ್ತಾರೆ. ನಾಯಿಯನ್ನು ಮುಟ್ಟಿದ್ದು, ಅನ್ನ ಹಾಕಿದ್ದು, ಗಾಯವಿಲ್ಲದ ಚರ್ಮವನ್ನು ಅದು ನೆಕ್ಕಿದ್ದು ಮೊದಲನೆಯ ವರ್ಗ. ಇದಕ್ಕೆ ತೊಳೆಯುವುದರ ಹೊರತು ಚಿಕಿತ್ಸೆ ಬೇಡ. ರಕ್ತ ಬಾರದಂತೆ ಚರ್ಮ ತರಚಿದರೆ ಅಥವಾ ಬಟ್ಟೆಯಿಲ್ಲದ ಜಾಗವನ್ನು ಹಲ್ಲಿನಿಂದ ಮೆಲ್ಲನೆ ಕಚ್ಚಿದರೆ ಎರಡನೆಯ ವರ್ಗ, ಇದಕ್ಕೆ ಲಸಿಕೆ ಬೇಕು. ಚರ್ಮ ತೂರಿ ರಕ್ತ ಬಂದ ಒಂದೇ ಒಂದು ಗುರುತಿದ್ದರೂ, ಒಡೆದ ಚರ್ಮವನ್ನು ನಾಯಿ ನೆಕ್ಕಿದ್ದರೂ, ಕಣ್ಣು, ಬಾಯಿ, ಮೂಗಿನ ಒಳಪದರಕ್ಕೆ ಜೊಲ್ಲು ತಾಗಿದ್ದರೂ ಅದು ಮೂರನೆಯ ವರ್ಗ. ಇದಕ್ಕೆ ಲಸಿಕೆಯೂ ಬೇಕು, ಸೀರಮ್ಮೂ ಬೇಕು.

ಹಲ್ಲು ತಾಗಿದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಗಾಯದ ಮೇಲೆ ಸ್ಪಿರಿಟ್ ಹಾಕಿ ಉರಿ ಬರುತ್ತದೆಯೇ ಎಂದು ಪರೀಕ್ಷಿಸುತ್ತ ಕುಳಿತುಕೊಳ್ಳಬೇಡಿ. ಒಳ್ಳೆಯ ಬೆಳಕಿನಲ್ಲಿ ನೋಡಿ, ವೈದ್ಯರಿಗೂ ತೋರಿಸಿ. ಮುಖ, ತಲೆ, ಕುತ್ತಿಗೆ, ಕೈಬೆರಳುಗಳ ಗಾಯಕ್ಕೆ ಇನ್ನಷ್ಟು ಅವಸರ ಬೇಕು, ಏಕೆಂದರೆ ಅಲ್ಲಿ ನರಗಳು ದಟ್ಟವಾಗಿವೆ ಅಥವಾ ಮಿದುಳಿನ ದಾರಿ ಚಿಕ್ಕದು. ಮಕ್ಕಳ ಎತ್ತರ ನಾಯಿಯ ಬಾಯಿಯ ಮಟ್ಟಕ್ಕೇ ಇರುವುದರಿಂದ ಅವರಿಗೆ ಮುಖದ ಮೇಲೇ ಕಡಿತ ಆಗುವುದು ಹೆಚ್ಚು. ಬೈಗುಳಕ್ಕೆ ಹೆದರಿ ಮಕ್ಕಳು ಹೇಳದೆ ಉಳಿಯುತ್ತಾರೆ, ನಾಯಿಮರಿಯೊಂದಿಗೆ ಆಡಿ ಕಚ್ಚಿಸಿಕೊಂಡದ್ದನ್ನಂತೂ ಖಂಡಿತ ಹೇಳುವುದಿಲ್ಲ. ಮರಿಯ ಕಡಿತವೂ ನಾಯಿ ಕಡಿತವೇ. ಎರಡು ತಿಂಗಳ ಮರಿಗೂ ರೇಬೀಸ್ ಬರುತ್ತದೆ. ಮನೆಯ ಮಗು ಏನೋ ಮರೆಮಾಡುತ್ತಿದೆ ಎಂದು ತೋರಿದರೆ ಗದರದೆ ಕೇಳಿ, ಕಾಲುಗಳನ್ನೂ ಬೆನ್ನನ್ನೂ ನೋಡಿ.

ಎಲ್ಲಿಗೆ ಹೋಗಬೇಕು

ಲಸಿಕೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಸಿಗುತ್ತದೆ. ಸೀರಂ ಸಿಗುವ ಸಾಧ್ಯತೆ ಹೆಚ್ಚಿರುವುದು ದೊಡ್ಡ ಆಸ್ಪತ್ರೆಗಳಲ್ಲಿ: ಮಂಗಳೂರಿನ ಹಂಪನಕಟ್ಟೆಯ ವೆನ್ಲಾಕ್, ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ಕುಂದಾಪುರ, ಕಾರ್ಕಳ, ಪುತ್ತೂರು, ಬೆಳ್ತಂಗಡಿಗಳಂಥ ಊರುಗಳ ತಾಲೂಕು ಆಸ್ಪತ್ರೆಗಳು, ಮತ್ತು ಎರಡೂ ಜಿಲ್ಲೆಗಳ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು. ಸರಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಹಣ ಕೊಡಬೇಕಾಗಿಲ್ಲ. ದೂರದ ಹಳ್ಳಿಯವರಿಗೆ ನನ್ನ ಸಲಹೆ ಇದು: ಮೊದಲ ಲಸಿಕೆಯನ್ನು ಅಂದೇ ಹತ್ತಿರದ ಕೇಂದ್ರದಲ್ಲಿ ಹಾಕಿಸಿಕೊಳ್ಳಿ, ಅಲ್ಲಿ ಸೀರಂ ಇಲ್ಲವೆಂದರೆ ಚೀಟಿ ಬರೆಸಿಕೊಂಡು ಅದೇ ದಿನ ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ. ಹೊರಡುವ ಮುಂಚೆ ಆ ಆಸ್ಪತ್ರೆಗೆ ಫೋನ್ ಮಾಡಿ ಸೀರಂ ಇದೆಯೇ ಎಂದು ಕೇಳುವುದು ಒಳ್ಳೆಯದು. 104ರ ಆರೋಗ್ಯ ಸಹಾಯವಾಣಿಯಲ್ಲೂ ವಿಚಾರಿಸಬಹುದು. ರಾತ್ರಿ ಕಚ್ಚಿದರೆ ಬೆಳಗಾಗಲಿ ಎಂದು ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.

ಗಾಯದೊಳಗೆ ಹಾಕುವ ಸೀರಂ

ಹೆಚ್ಚಿನವರಿಗೆ ತಪ್ಪಿಹೋಗುವ ಹಂತ ಇದು, ಆದ್ದರಿಂದ ಇದನ್ನು ಬಿಡಿಸಿ ಹೇಳಬೇಕು. ಲಸಿಕೆ ಹಾಕಿಸಿಕೊಂಡ ದೇಹ ತನ್ನದೇ ಪ್ರತಿಕಾಯಗಳನ್ನು ತಯಾರಿಸಲು ಸುಮಾರು 7ರಿಂದ 14 ದಿನ ಬೇಕಾಗುತ್ತದೆ. ಅಷ್ಟರೊಳಗೆ ಆಳವಾದ ಗಾಯದಲ್ಲಿ ಉಳಿದ ವೈರಸ್ಸಿಗೆ ನರ ಸೇರಲು ಅವಕಾಶವಿರುತ್ತದೆ. ಸೀರಂ ಎಂದರೆ ಸಿದ್ಧ ಪ್ರತಿಕಾಯಗಳು. ಅದು ಗಾಯದಲ್ಲೇ ನಿಂತು ವೈರಸ್ಸನ್ನು ಕಟ್ಟಿಹಾಕುತ್ತದೆ, ಲಸಿಕೆಯ ಕೆಲಸ ಶುರುವಾಗುವವರೆಗಿನ ಬರಿದಾದ ದಿನಗಳನ್ನು ಕಾಯುತ್ತದೆ.

ಕುದುರೆಯಿಂದ ಪಡೆದ ಸೀರಂ ಆದರೆ ದೇಹತೂಕದ ಕಿಲೋಗೆ 40 ಯೂನಿಟ್, ಮಾನವ ಸೀರಂ ಆದರೆ 20 ಯೂನಿಟ್ ಎಂಬುದು ಅಳತೆಯ ಮಿತಿ. 20 ಕಿಲೋ ತೂಕದ ಮಗುವಿಗೆ ಕುದುರೆ ಸೀರಂ 800 ಯೂನಿಟ್ ಆಗುತ್ತದೆ. ಈಗ ಪ್ರಯೋಗಾಲಯದಲ್ಲಿ ತಯಾರಿಸಿದ ಮಾನೊಕ್ಲೋನಲ್ ಪ್ರತಿಕಾಯಗಳೂ ಭಾರತದಲ್ಲಿ ಬಳಕೆಯಲ್ಲಿವೆ, ಅವುಗಳ ಅಳತೆ ಬೇರೆ. ಯಾವುದೇ ಆಗಲಿ, ಹಾಕುವ ಜಾಗ ಗಾಯವೇ. ಮೀನಖಂಡದಲ್ಲಿ ನಾಲ್ಕು ಹಲ್ಲಿನ ಗುರುತುಗಳಿದ್ದರೆ ಸಣ್ಣ ಸೂಜಿಯನ್ನು ಆ ನಾಲ್ಕರ ಸುತ್ತಲೂ ಒಳಗೂ ಚುಚ್ಚಿ, ಔಷಧವನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತ ಗಾಯದ ಬುಡದವರೆಗೂ ತುಂಬಬೇಕು. ತುಂಬಿದಾಗ ಗಾಯದ ಅಂಚು ಊದಿ ಬಿಳಿಚಿಕೊಳ್ಳುತ್ತದೆ, ತೂತಿನಿಂದ ಒಂದೆರಡು ಹನಿ ಹೊರಗೆ ಒಸರುತ್ತದೆ. ಗಾಯಗಳು ಹಲವಿದ್ದು ಔಷಧ ಸಾಲದಿದ್ದರೆ ಅದಕ್ಕೆ ಸಲೈನ್ ಬೆರೆಸಿ ಪ್ರಮಾಣ ಹೆಚ್ಚಿಸುತ್ತಾರೆಯೇ ಹೊರತು ಯಾವ ಗಾಯವನ್ನೂ ಬಿಡುವುದಿಲ್ಲ. ಇದು ನೋಯುತ್ತದೆ, ಮಗು ಕಿರುಚುತ್ತದೆ. ಮಗುವನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳುವ ಧೈರ್ಯವನ್ನು ತಂದೆ ತಾಯಿ ಮಾಡಲೇಬೇಕು.

ಮೂರನೆಯ ವರ್ಗದ ಗಾಯವಿದ್ದೂ ಯಾರೂ ಗಾಯಕ್ಕೆ ಸೂಜಿ ಹಾಕದೆ ತೋಳಿಗೆ ಮಾತ್ರ ಚುಚ್ಚಿ ಕಳಿಸಿದರೆ, ‘ಇಮ್ಯುನೊಗ್ಲಾಬ್ಯುಲಿನ್ ಬೇಡವೇ’ ಎಂದು ವಿನಯದಿಂದ, ಆದರೆ ಬಿಡದೆ ಕೇಳಿ. ಮೊದಲ ದಿನ ಸಿಗದೆ ಹೋದರೆ ಮೊದಲ ಲಸಿಕೆಯಾದ 7 ದಿನಗಳೊಳಗೆ ಅದನ್ನು ಹಾಕಿಸಬಹುದು. ಆಮೇಲೆ ಹಾಕಿ ಫಲವಿಲ್ಲ, ಅಷ್ಟರಲ್ಲಿ ಲಸಿಕೆಯಿಂದ ದೇಹದಲ್ಲೇ ಪ್ರತಿಕಾಯಗಳು ಹುಟ್ಟಲು ಆರಂಭವಾಗಿರುತ್ತವೆ. ಕುದುರೆ ಸೀರಂ ಕೆಲವರಿಗೆ ಅಲರ್ಜಿ ತರಬಹುದಾದ್ದರಿಂದ ಹಾಕಿದ ಮೇಲೆ ಅರ್ಧ ಗಂಟೆಯಾದರೂ ಆಸ್ಪತ್ರೆಯಲ್ಲೇ ಕುಳಿತಿರಿ.

ಹೊಲಿಗೆಯ ವಿಷಯವನ್ನೂ ಇಲ್ಲೇ ಹೇಳಬೇಕು. ನಾಯಿ ಕಚ್ಚಿದ ಗಾಯವನ್ನು ತಕ್ಷಣ ಹೊಲಿಯುವುದಿಲ್ಲ, ಏಕೆಂದರೆ ಸೂಜಿ ಓಡಿದಲ್ಲೆಲ್ಲ ವೈರಸ್ಸಿಗೆ ಹೊಸ ದಾರಿ ತೆರೆದಂತಾಗುತ್ತದೆ. ಮುಖದ ಗಾಯದಂತೆ ಹೊಲಿಯಲೇಬೇಕಾದಲ್ಲಿ ಮೊದಲು ಸೀರಂ ತುಂಬಿ, ಕೆಲವು ಗಂಟೆ ಬಿಟ್ಟು, ಸಡಿಲವಾಗಿ ಒಂದೆರಡು ಹೊಲಿಗೆ ಹಾಕುತ್ತಾರೆ. ಟೆಟನಸ್ ಲಸಿಕೆ ಮತ್ತು ಆಂಟಿಬಯಾಟಿಕ್ ಬೇಕೇ ಎಂಬುದನ್ನೂ ವೈದ್ಯರು ಆಗಲೇ ನೋಡುತ್ತಾರೆ. ಸಕ್ಕರೆ ಕಾಯಿಲೆಯವರೂ ಮಳೆಗಾಲದ ಕೆಸರಿನಲ್ಲಿ ಗಾಯ ಮಾಡಿಕೊಂಡವರೂ ಈ ಬಗ್ಗೆ ತಾವಾಗಿಯೇ ಹೇಳಿಕೊಳ್ಳಬೇಕು.

ಲಸಿಕೆಯ ದಿನಗಳು

ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಭಯ ಈಗಲೂ ಕೆಲವು ಹಿರಿಯರಲ್ಲಿದೆ. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಹಳೆಯ ಲಸಿಕೆಯ ಬಳಕೆ ಭಾರತದಲ್ಲಿ 2005ರ ಹೊತ್ತಿಗೇ ನಿಂತುಹೋಗಿದೆ. ಈಗಿನದು ಜೀವಕೋಶಗಳಲ್ಲಿ ಬೆಳೆಸಿದ ಲಸಿಕೆ, ಸಾಮಾನ್ಯವಾಗಿ ತೋಳಿಗೆ ಹಾಕುವಂಥದ್ದು. ಪುಟ್ಟ ಮಕ್ಕಳಿಗೆ ತೊಡೆಯ ಮುಂಭಾಗಕ್ಕೆ ಹಾಕುತ್ತಾರೆ. ಪೃಷ್ಠಕ್ಕೆ ಹಾಕಬಾರದು, ಅಲ್ಲಿನ ಕೊಬ್ಬಿನಲ್ಲಿ ಲಸಿಕೆಯ ಪರಿಣಾಮ ಕುಗ್ಗುತ್ತದೆ.

ಸರಕಾರಿ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಚರ್ಮದ ಪದರದೊಳಗೆ ಹಾಕುತ್ತಾರೆ: ಎರಡೂ ತೋಳುಗಳಿಗೆ ತಲಾ 0.1 ಮಿಲಿ, 0, 3, 7 ಮತ್ತು 28ನೆಯ ದಿನಗಳಲ್ಲಿ. ಸರಿಯಾಗಿ ಹಾಕಿದ್ದರೆ ಸೊಳ್ಳೆ ಕಚ್ಚಿದಂಥ ಸಣ್ಣ ಗುಳ್ಳೆ ಏಳುತ್ತದೆ. ಇಷ್ಟು ಕಡಿಮೆ ಔಷಧ ಸಾಕೇ ಎಂಬ ಸಂಶಯ ಬೇಡ, ಚರ್ಮದ ಪದರದಲ್ಲಿ ರೋಗನಿರೋಧಕ ಕೋಶಗಳು ಹೇರಳವಾಗಿವೆ. ಖಾಸಗಿ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಸ್ನಾಯುವಿಗೆ ಹಾಕುವ ಐದು ಡೋಸುಗಳ ಕ್ರಮ: 0, 3, 7, 14, 28. ಎರಡೂ ಸಮಾನವಾಗಿ ನಂಬಲರ್ಹ. ಆದರೆ ಸಂಧಿವಾತಕ್ಕೆ ಹೈಡ್ರಾಕ್ಸಿಕ್ಲೋರೊಕ್ವಿನ್ ನುಂಗುತ್ತಿರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಎಚ್‌ಐವಿ ಇರುವವರು ಅಥವಾ ಬೇರೆ ಕಾರಣಕ್ಕೆ ರೋಗನಿರೋಧಕ ಶಕ್ತಿ ಕುಗ್ಗಿದವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಅವರಿಗೆ ಸ್ನಾಯುವಿಗೆ ಹಾಕುವ ಕ್ರಮವೇ ಸೂಕ್ತ.

ಮೊದಲ ಲಸಿಕೆ ಹಾಕಿದ ದಿನವೇ 0 ದಿನ. ಅದು ಸೋಮವಾರವಾದರೆ ಎರಡನೆಯದು ಅದೇ ವಾರದ ಗುರುವಾರ, ಮೂರನೆಯದು ಮುಂದಿನ ಸೋಮವಾರ, ಕೊನೆಯದು ನಾಲ್ಕು ವಾರಗಳ ನಂತರದ ಸೋಮವಾರ. ಗುರುವಾರ ಆರಂಭಿಸಿದವರ ಎರಡನೆಯ ಡೋಸ್ ಭಾನುವಾರ ಬರುತ್ತದೆ. ಆ ದಿನ ಎಲ್ಲಿ ಹಾಕುತ್ತಾರೆಂದು ಮೊದಲ ದಿನವೇ ಕೇಳಿಟ್ಟುಕೊಳ್ಳಿ. 28ನೆಯ ದಿನದ ಡೋಸನ್ನು ಹೆಚ್ಚಿನವರು ಮರೆಯುತ್ತಾರೆ, ಏಕೆಂದರೆ ಅಷ್ಟರಲ್ಲಿ ಗಾಯ ಮಾಗಿರುತ್ತದೆ. ಗಾಯ ಮಾಗುವುದಕ್ಕೂ ವೈರಸ್ ಸಾಯುವುದಕ್ಕೂ ಸಂಬಂಧವಿಲ್ಲ. ಒಂದು ದಿನ ತಪ್ಪಿದರೆ ಎಲ್ಲವನ್ನೂ ಮೊದಲಿನಿಂದ ಶುರುಮಾಡಬೇಕಾಗಿಲ್ಲ, ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಹೋಗಿ ಮುಂದುವರಿಸಿ. ನಡುವೆ ದುಬೈಗೋ ಮುಂಬೈಗೋ ಹೊರಡುವವರಿದ್ದರೆ ಕಾರ್ಡು ಒಯ್ದು ಉಳಿದ ಡೋಸುಗಳನ್ನು ಅಲ್ಲಿ ಹಾಕಿಸಿಕೊಳ್ಳಬಹುದು.

ಗರ್ಭಿಣಿಯರು, ಬಾಣಂತಿಯರು, ಎಳೆ ಶಿಶುಗಳು ಎಲ್ಲರಿಗೂ ಲಸಿಕೆ ಮತ್ತು ಸೀರಂ ಹಾಕಬಹುದು, ಹಾಕಲೇಬೇಕು. ಪಥ್ಯದ ಪ್ರಶ್ನೆ ನಮ್ಮಲ್ಲಿ ತಪ್ಪದೆ ಬರುತ್ತದೆ: ಮೀನು ತಿನ್ನಬಹುದೇ, ಕೋಳಿ ಬಿಡಬೇಕೇ, ಬದನೆ ನಂಜೇ? ಈ ಚಿಕಿತ್ಸೆಗೆ ಯಾವ ಪಥ್ಯವೂ ಇಲ್ಲ. ಎಂದಿನ ಊಟ, ಎಂದಿನ ಸ್ನಾನ, ಎಂದಿನ ಕೆಲಸ ನಡೆಯಲಿ. ಕಚ್ಚಿ ಹಲವು ವಾರಗಳಾಗಿದ್ದರೂ ಲಕ್ಷಣಗಳಿಲ್ಲದಿದ್ದರೆ ಇಂದೇ ಹೋಗಿ ಆರಂಭಿಸಿ. ತಡವಾಯಿತೆಂದು ಯಾವ ವೈದ್ಯರೂ ಹಿಂದೆ ಕಳಿಸಬಾರದು.

ನಾಯಿಯ ವಿಷಯ

ಕಚ್ಚಿದ ನಾಯಿಯನ್ನು ಹೊಡೆದು ಕೊಲ್ಲಬೇಡಿ. ನಾಯಿಯ ಜೊಲ್ಲಿನಲ್ಲಿ ವೈರಸ್ ಕಾಣಿಸಿಕೊಳ್ಳುವುದು ರೋಗಲಕ್ಷಣಗಳಿಗೆ ಕೆಲವೇ ದಿನ ಮುಂಚೆ, ಲಕ್ಷಣ ಕಂಡ ನಾಯಿ ಬೇಗನೆ ಸಾಯುತ್ತದೆ. ಆದ್ದರಿಂದ ಕಚ್ಚಿದ ನಾಯಿಯೋ ಬೆಕ್ಕೋ 10 ದಿನ ಆರೋಗ್ಯವಾಗಿಯೇ ಇದ್ದರೆ ಕಚ್ಚಿದ ಹೊತ್ತಿನಲ್ಲಿ ಅದರ ಜೊಲ್ಲಿನಲ್ಲಿ ರೇಬೀಸ್ ಇರಲಿಲ್ಲವೆಂದು ತಿಳಿಯಬಹುದು, ಆಗ ಉಳಿದ ಡೋಸುಗಳ ಕ್ರಮವನ್ನು ವೈದ್ಯರು ಬದಲಿಸಬಹುದು. ಆದರೆ ಈ 10 ದಿನ ನೋಡಿ ಆಮೇಲೆ ಚಿಕಿತ್ಸೆ ಶುರುಮಾಡುವ ಯೋಚನೆ ಬೇಡವೇ ಬೇಡ. ಸಾಕುನಾಯಿಗೆ ಲಸಿಕೆಯಾಗಿದೆ ಎನ್ನುವ ಮಾತನ್ನು ಕೇಳಿ ಸುಮ್ಮನಿರುವುದೂ ತರವಲ್ಲ. ಲಸಿಕೆಯ ಪುಸ್ತಕವನ್ನು ವೈದ್ಯರಿಗೆ ತೋರಿಸಿ, ತೀರ್ಮಾನ ಅವರದಾಗಲಿ.

ಹುಚ್ಚುನಾಯಿ ಎಂದರೆ ನಾಲಗೆ ಚಾಚಿ ಓಡುತ್ತ ಸಿಕ್ಕಿದವರನ್ನೆಲ್ಲ ಕಚ್ಚುವ ನಾಯಿ ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿದೆ. ಅಂಥ ನಾಯಿಗಳಿವೆ. ಆದರೆ ಇನ್ನೊಂದು ಬಗೆಯ ರೇಬೀಸಿನಲ್ಲಿ ನಾಯಿ ಮೂಲೆ ಹಿಡಿದು ಮಲಗುತ್ತದೆ, ದವಡೆ ಜೋತುಬೀಳುತ್ತದೆ, ಸ್ವರ ಬದಲಾಗುತ್ತದೆ, ನುಂಗಲಾಗುವುದಿಲ್ಲ. ಮೂಳೆ ಸಿಕ್ಕಿಕೊಂಡಿದೆಯೆಂದು ಬಾಯಿ ತೆರೆದು ನೋಡುವ ಮನೆಯವರು ಆಗಲೇ ಅಪಾಯಕ್ಕೆ ಸಿಲುಕುತ್ತಾರೆ. ಅಂಥ ನಾಯಿ ಕಂಡರೆ ಮಹಾನಗರ ಪಾಲಿಕೆಗೆ ಅಥವಾ ಗ್ರಾಮ ಪಂಚಾಯತಿಗೆ ತಿಳಿಸಿ, 1962ಕ್ಕೆ ಕರೆ ಮಾಡಿ ಪಶುವೈದ್ಯರ ಸಲಹೆ ಕೇಳಿ. ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ.

ಹಟ್ಟಿಯ ದನದ ವಿಷಯದಲ್ಲೂ ಇದೇ ಎಚ್ಚರ ಬೇಕು. ನಾಯಿ ಕಚ್ಚಿದ ದನ ಕೆಲವು ವಾರಗಳ ನಂತರ ಮೇವು ಬಿಟ್ಟು, ಎಳೆ ಎಳೆಯಾಗಿ ಜೊಲ್ಲು ಸುರಿಸುತ್ತ, ಒಡೆದ ಸ್ವರದಲ್ಲಿ ಮತ್ತೆ ಮತ್ತೆ ಕೂಗತೊಡಗುತ್ತದೆ. ಹಲಸಿನ ಬೀಜವೋ ಅಡಿಕೆ ಹಾಳೆಯ ತುಂಡೋ ಗಂಟಲಲ್ಲಿ ಸಿಕ್ಕಿತೆಂದು ಕೃಷಿಕರು ಮೊಣಕೈವರೆಗೆ ಕೈ ಹಾಕುತ್ತಾರೆ, ಅಡಿಕೆ ಸುಲಿದು ಸೀಳಿದ ಬೆರಳುಗಳು ಆ ಜೊಲ್ಲಿನಲ್ಲಿ ನೆನೆಯುತ್ತವೆ. ಹೀಗಾಗಿದ್ದರೆ ಅದು ಮೂರನೆಯ ವರ್ಗವೇ, ನಾಯಿ ಕಚ್ಚಿದಷ್ಟೇ ಗಂಭೀರ. ಅಂಥ ದನದ ಹಾಲನ್ನು ಬಳಸಬೇಡಿ; ಮೊದಲೇ ಕಾಯಿಸಿ ಕುಡಿದವರು ಅದಕ್ಕಾಗಿ ಗಾಬರಿಪಡಬೇಕಾಗಿಲ್ಲ. ಬೆಕ್ಕು, ಮಂಗ, ಮುಂಗುಸಿ, ನರಿ ಕಚ್ಚಿದರೂ ಇಲ್ಲಿ ಹೇಳಿದ ಚಿಕಿತ್ಸೆಯೇ.

ಕಾರ್ಡನ್ನು ಜೋಪಾನವಾಗಿಡಿ

ಲಸಿಕೆಯ ಕಾರ್ಡನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಡಿ, ಮೂಲ ಕಾರ್ಡನ್ನು ಆಧಾರ್, ರೇಷನ್ ಕಾರ್ಡುಗಳ ಜತೆ ಇಡಿ. ಪೂರ್ತಿ ಕೋರ್ಸ್ ಮುಗಿಸಿದವರಿಗೆ ಮುಂದೆ ಮತ್ತೆ ನಾಯಿ ಕಚ್ಚಿದರೆ 0 ಮತ್ತು 3ನೆಯ ದಿನ ಎರಡೇ ಡೋಸ್ ಸಾಕು, ಗಾಯ ಎಷ್ಟೇ ಆಳವಾಗಿದ್ದರೂ ಸೀರಂ ಬೇಡ. ತೊಳೆಯುವುದು ಮಾತ್ರ ಆಗಲೂ ತಪ್ಪದು. ಕಾರ್ಡಿಲ್ಲದೆ ಬಾಯಿಮಾತಿನಲ್ಲಿ ‘ಹಿಂದೆ ಹಾಕಿಸಿದ್ದೆ’ ಎಂದರೆ ವೈದ್ಯರು ಎಲ್ಲವನ್ನೂ ಹೊಸದಾಗಿ ಆರಂಭಿಸುವುದೇ ನ್ಯಾಯ. ಬೀದಿನಾಯಿಗಳಿಗೆ ದಿನವೂ ಅನ್ನ ಹಾಕುವವರು, ನಾಯಿ ಹಿಡಿಯುವ ಸಿಬ್ಬಂದಿ, ಪಶುವೈದ್ಯರು ಮತ್ತು ಅವರ ಸಹಾಯಕರು ಕಚ್ಚುವ ಮೊದಲೇ ಲಸಿಕೆ ಹಾಕಿಸಿಕೊಂಡರೆ ಅವರಿಗೂ ಇದೇ ಅನುಕೂಲ ಸಿಗುತ್ತದೆ.